ಅಣ್ಣನ ಹರಾಜು, ಮೂರು ಅಂಗಡಿಯ ಡ್ರೈವರ್

ಮರದ ಕೆಳಗೆ ನಿಂತು ತಲೆಯೆತ್ತಿ ನೋಡಿ, ಈ ಸಲ ಇದರಲ್ಲಿ ಎಷ್ಟು ಮೂಟೆ ಹುಣಸೆ ಇಳಿದೀತು ಎಂದು ಹೇಳುವುದು ನನ್ನ ಕಸುಬು. ಶಿಡ್ಲಘಟ್ಟದ ಸುತ್ತಮುತ್ತಲಿಂದ ಹಿಡಿದು ಅತ್ತ ಮಂಚೇನಹಳ್ಳಿಯವರೆಗೂ ಹೊಲದ ಬದುವಿನ ಮರಗಳನ್ನು ಕಾಯಿ ಬಲಿಯುವ ಮೊದಲೇ ಗುತ್ತಿಗೆ ಹಿಡಿಯುತ್ತೇನೆ. ಹಣ್ಣು ಜಜ್ಜಿ ಬೀಜ ತೆಗೆಯುವ ಕೂಲಿಗೆ ಕೂತವಳು ಚೌಕಾಸಿಯೊಂದನ್ನೇ ನಂಬಿ ಇಲ್ಲಿಯವರೆಗೆ ಬಂದಿದ್ದೇನೆ. ಹಾಗಾಗಿ ನಾನು ಹೇಳುವ ಮಾತನ್ನು ಸ್ವಲ್ಪ ಕೇಳಿಸಿಕೊಳ್ಳಿ: ಚೌಕಾಸಿಗೆ ಬಗ್ಗದ ವಸ್ತುಗಳೂ ಇವೆ. ಲ್ಯಾಪ್‌ಟಾಪಿನ ಒಳಗಿರುವ ವೈಫೈ ಅಂಥದ್ದು. ಲಕ್ವ ಹೊಡೆದವರ ನಾಲಗೆಯೂ ಅಂಥದ್ದೇ. ಎರಡೂ ಒಂದೇ ಮಳೆಗಾಲದಲ್ಲಿ ನನಗೆ ಗಂಟುಬಿದ್ದವು.

ನನ್ನ ಅಣ್ಣ ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವನು. ಬೆಳಿಗ್ಗೆ ಅವನ ಗಂಟಲು ತೆರೆದರೆ ಗೇಟಿನ ಹೊರಗೆ ಟೀ ಕುಡಿಯುತ್ತಿದ್ದವರೂ ಲೋಟ ಕೆಳಗಿಟ್ಟು ಒಳಗೆ ಬರುತ್ತಿದ್ದರು. ಮನೆಯಲ್ಲಿ ಕನ್ನಡ, ಮಂಡಿಯಲ್ಲಿ ತೆಲುಗು; ನಮ್ಮ ಕಡೆ ಅದನ್ನು ಯಾರೂ ವಿಶೇಷ ಅಂದುಕೊಳ್ಳುವುದಿಲ್ಲ. ದೊಡ್ಡ ಖರೀದಿದಾರರಲ್ಲಿ ಕೆಲವರು ಬಾಯಿ ಬಿಡುತ್ತಿರಲಿಲ್ಲ. ಅವನ ಪಕ್ಕದಲ್ಲಿ ನಿಂತು, ಅವನ ಹೆಗಲ ಮೇಲಿನ ಟವೆಲ್ ಕೆಳಗೆ ಕೈ ತೂರಿಸಿ, ಬೆರಳು ಹಿಡಿದು ಬೆಲೆ ಹೇಳುತ್ತಿದ್ದರು. ಮುಷ್ಟಿ ಹಿಡಿದರೆ ನೂರು, ಒಂದು ಬೆರಳು ಅಮುಕಿದರೆ ಮೇಲೆ ಹತ್ತು. ಅವನು ಅದನ್ನು ಗಟ್ಟಿಯಾಗಿ ಕೂಗುತ್ತಿದ್ದ. ಅದಕ್ಕಿಂತ ಹೆಚ್ಚಿಗೆ ಕೊಡುವವರು ಬರುವ ತನಕ ಅದನ್ನೇ ತಿರುಗಿಸಿ ತಿರುಗಿಸಿ ಕೂಗುತ್ತಿದ್ದ.

ನಾನು ಮರದ ವ್ಯಾಪಾರಕ್ಕೆ ಇಳಿದಾಗ ಹೆಂಗಸಿನ ಕೈಗೆ ಟವೆಲ್ ಕೆಳಗೆ ಬೆರಳು ಕೊಡುವ ಗಂಡಸು ಒಬ್ಬನೂ ಇರಲಿಲ್ಲ. ಅಣ್ಣ ಮನೆಯ ಜಗುಲಿಯಲ್ಲಿ ಕೂರಿಸಿಕೊಂಡು ಹೇಳಿಕೊಟ್ಟ. ನಾನು ಅಮುಕುತ್ತಿದ್ದೆ, ಅವನು ಕೂಗುತ್ತಿದ್ದ. ಕೊನೆಗೆ ‘ಒಕಟಿ, ರೆಂಡು, ಮೂಡು’ ಎಂದು ಅಂಗೈ ತಟ್ಟಿ, ಮಾಲು ಯಾರಿಗೆ ಹೋಯಿತು ಎಂದು ಹೆಸರು ಹೇಳಬೇಕಲ್ಲ, ಆಗ “ಪಾಪಕಿ!” ಎನ್ನುತ್ತಿದ್ದ. ತೆಲುಗಿನಲ್ಲಿ ಪಾಪ ಎಂದರೆ ಪುಟ್ಟ ಹುಡುಗಿ; ನಾನು ಅವನಿಗೆ ಪಾಪ. ನನ್ನ ಕೂದಲು ನರೆತ ಮೇಲೂ ಪಾಪ.

ಲಕ್ವ ಅವನ ಬಲಗೈಯನ್ನೂ ಮಾತನ್ನೂ ಒಟ್ಟಿಗೆ ತೆಗೆದುಕೊಂಡು ಹೋಯಿತು. ಕಾಲು ನಿಧಾನಕ್ಕೆ ಸ್ವಲ್ಪ ಸರಿಹೋಯಿತು, ಕೋಲು ಹಿಡಿದು ಬಚ್ಚಲಿಗೆ ಹೋಗುವಷ್ಟಾದ. ಮಾತು ಬರಲಿಲ್ಲ. ಗಂಟಲಿಗೇನೂ ಆಗಿಲ್ಲ, ನಾಲಗೆಗೂ ಆಗಿಲ್ಲ, ತಲೆಯಿಂದ ನಾಲಗೆಗೆ ಮಾತು ಇಳಿಯುವ ದಾರಿ ಕೆಟ್ಟಿದೆ ಎಂದರು ಡಾಕ್ಟರು. ಮಾತಿನ ಚಿಕಿತ್ಸೆ ಮಾಡುವ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿದ್ದಳು. ಅಣ್ಣ ಬೆಂಗಳೂರಿನ ಬಸ್ಸು ಹತ್ತಲಾರ, ಹತ್ತಿಸೋಣ ಎಂದರೆ ಬಸ್ ನಿಲ್ದಾಣದಲ್ಲಿ ಅವನನ್ನು ಗುರುತಿಸದವರಿಲ್ಲ, ಯಾರಾದರೂ “ಏನಣ್ಣಾ, ಚೆನ್ನಾಗಿದೀಯಾ?” ಎಂದರೆ ಅವನು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದ. ಆದ್ದರಿಂದ ಸೋಮವಾರ, ಗುರುವಾರ ಬೆಳಿಗ್ಗೆ ವಿಡಿಯೊದಲ್ಲಿ ಪಾಠ ಎಂದಾಯಿತು.

ಮೊಬೈಲ್ ಸಾಕಲ್ಲವೇ ಎಂದು ನೀವು ಕೇಳುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಲಕ್ವದ ನಂತರ ಅವನಿಗೆ ಬಲಗಡೆಯದು ಕಣ್ಣಿಗೆ ಬೀಳುತ್ತಿರಲಿಲ್ಲ. ತಟ್ಟೆಯಲ್ಲಿ ಎಡಗಡೆಯ ಅನ್ನ ಮಾತ್ರ ತಿಂದು ಎದ್ದುಬಿಡುತ್ತಿದ್ದ. ಅಂಗೈಯಗಲದ ಪರದೆಯಲ್ಲಿ ಅವನಿಗೆ ಸಿಗುತ್ತಿದ್ದದ್ದು ಪಾಠ ಹೇಳುವ ಮೇಡಂ ಮುಖದ ಅರ್ಧ. ಹಾಗಾಗಿ ಚಿಕ್ಕಬಳ್ಳಾಪುರದಲ್ಲಿ ಹಳೆಯ ಲ್ಯಾಪ್‌ಟಾಪ್ ಮಾರುವ ಅಂಗಡಿಗೆ ಹೋಗಿ, ದೊಡ್ಡ ಪರದೆಯದೊಂದನ್ನು ಒಂದು ಮಧ್ಯಾಹ್ನವೆಲ್ಲ ಚೌಕಾಸಿ ಮಾಡಿ ತಂದೆ. ಮೌಸ್ ಮತ್ತು ಬ್ಯಾಗು ಪುಕ್ಕಟೆ. ಅಣ್ಣನ ಮನೆಗೆ ಇಂಟರ್‌ನೆಟ್ಟಿನ ತಂತಿ ಎಳೆಸಿ, ಕರೆಂಟು ಹೋದರೂ ಓಡಲೆಂದು ಪುಟ್ಟ ಬ್ಯಾಟರಿಯ ಸಮೇತ ವೈಫೈ ಡಬ್ಬಿ ಹಾಕಿಸಿದೆ. ಪಾಠದ ದಿನ ಶಿಡ್ಲಘಟ್ಟದಿಂದ ಮೊದಲ ಬಸ್ಸಿಗೆ ಬಂದು ಅವನ ಪಕ್ಕ ಕೂರುವುದು ನನ್ನ ಪಾಲು.

ಆರಂಭದಲ್ಲಿ ಚೆನ್ನಾಗಿಯೇ ನಡೆಯಿತು. ಮೇಡಂ ಚಿತ್ರದ ಕಾರ್ಡು ತೋರಿಸುವಳು. “ಅಂಕಲ್, ಇದೇನು? ಲೋ... ಲೋ...” ಅಣ್ಣ ಲೋಟದ ಚಿತ್ರ ನೋಡುವನು, ತುಟಿ ಕೂಡಿಸುವನು, ಬೆವರುವನು. ಒಂದು ಅಕ್ಷರವೂ ಇಲ್ಲ. ಆಮೇಲೆ ಲ್ಯಾಪ್‌ಟಾಪ್ ಕೂಡ ಅವನ ಜೊತೆ ಸೇರಿಕೊಂಡಿತು. ಪಾಠದ ನಡುವೆ ಮೇಡಂ ಮುಖ ಇದ್ದಲ್ಲೇ ಕಲ್ಲಾಗುತ್ತಿತ್ತು, ಕೆಳಗಿನ ಮೂಲೆಯಲ್ಲಿ ವೈಫೈ ಗುರುತೇ ಮಾಯವಾಗುತ್ತಿತ್ತು. ಡಬ್ಬಿಯ ದೀಪ ಉರಿಯುತ್ತಿದೆ, ನನ್ನ ಫೋನಿಗೆ ಅದೇ ವೈಫೈ ಸಿಗುತ್ತಿದೆ, ಲ್ಯಾಪ್‌ಟಾಪಿಗೆ ಮಾತ್ರ ಲೋಕದಲ್ಲಿ ವೈಫೈ ಎಂಬುದು ಇದೆ ಎನ್ನುವುದೇ ಮರೆತುಹೋಗಿದೆ.

ಚಿಂತಾಮಣಿಯಲ್ಲೇ ಒಂದು ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಅಂಗಡಿಯವನು ಒಂದು ಪಟ್ಟಿ ತೆರೆದು ಹಳದಿ ತ್ರಿಕೋನ ತೋರಿಸಿದ. “ಒಳಗಿರೋ ವೈಫೈ ಕಾರ್ಡ್ ಚೆನ್ನಾಗೇ ಐತಮ್ಮ. ಡ್ರೈವರ್ ಹೋಗೈತೆ.”

“ಯಾವ ಡ್ರೈವರಪ್ಪ? ಕೂಲಿ ಕೊಟ್ಟು ಇಟ್ಕೊಂಡಿದ್ನಾ ನಾನು?”

ಅವನು ನಕ್ಕ. “ಲ್ಯಾಪ್‌ಟಾಪ್ ಹೇಳೋದು ಆ ಕಾರ್ಡಿಗೆ ಅರ್ಥ ಆಗ್ಬೇಕಲ್ಲ, ಆ ಮಾತು ದಾಟ್ಸೋ ಪ್ರೋಗ್ರಾಮು. ಅದು ಕೆಟ್ರೆ ಎರಡೂ ಕಡೆಯವ್ರು ಸುಮ್ನೆ ಕೂತಿರ್ತಾರೆ.”

ಡಾಕ್ಟರು ಅಣ್ಣನ ಬಗ್ಗೆ ಹೇಳಿದ್ದೂ ಹೆಚ್ಚುಕಡಿಮೆ ಇದೇ. ಆದರೆ ಮನುಷ್ಯನನ್ನು ಯಂತ್ರಕ್ಕೆ ಹೋಲಿಸುವುದು ನನಗೆ ಹಿಡಿಸುವುದಿಲ್ಲ, ಅದನ್ನು ಅಲ್ಲೇ ಬಿಟ್ಟೆ. ಅವನು ಹೊಸ ಡ್ರೈವರ್ ಹಾಕಿದ, ಜೊತೆಗೆ ‘ಇನ್ನುಮೇಲೆ ಇದೇ ನೋಡ್ಕೊಳ್ಳುತ್ತೆ’ ಎಂದು ತಾನಾಗಿ ಡ್ರೈವರ್ ಹುಡುಕಿ ಹಾಕುವ ಸಾಫ್ಟ್‌ವೇರೊಂದನ್ನೂ ಕೂರಿಸಿದ. ಮತ್ತೆ ಕೆಟ್ಟರೆ ಚಾರ್ಜರ್ ಕಿತ್ತು, ಆಫ್ ಮಾಡಿ, ಆನ್ ಗುಂಡಿಯನ್ನು ಬಹಳ ಹೊತ್ತು ಅದುಮಿ ಹಿಡಿ ಎಂದ. ಒಂದೆರಡು ಸಲ ಹಾಗೆ ಮಾಡಿದಾಗ ನಿಜಕ್ಕೂ ವೈಫೈ ಮರಳಿ ಬಂತು. ಆಮೇಲೆ ಅದೂ ನಡೆಯಲಿಲ್ಲ.

ಈಗ ನಮ್ಮ ಕಸುಬಿನ ಒಂದು ಅಭ್ಯಾಸ ಹೇಳಬೇಕು. ಹುಣಸೆಯನ್ನು ನಾನು ಎಂದೂ ಒಂದೇ ಮಂಡಿಗೆ ಹಾಕುವುದಿಲ್ಲ. ಒಬ್ಬ ದಲ್ಲಾಳಿ ಕೈಯಲ್ಲಿ ಸಿಕ್ಕಿಹಾಕಿಕೊಂಡವರು ಉದ್ಧಾರವಾದದ್ದನ್ನು ನಾನು ನೋಡಿಲ್ಲ. ಮೂರು ಕಡೆ ಹಂಚಿದರೆ ಒಬ್ಬನಿಗೆ ಇನ್ನೊಬ್ಬನ ಭಯ. ಡ್ರೈವರ್ ವಿಷಯದಲ್ಲೂ ನಾನು ಅದನ್ನೇ ಮಾಡಿದೆ. ಮಂಚೇನಹಳ್ಳಿಗೆ ಮರ ನೋಡಲು ಹೋದಾಗ ಲ್ಯಾಪ್‌ಟಾಪನ್ನೂ ಹೊತ್ತುಕೊಂಡು ಗೌರಿಬಿದನೂರಿನ ಒಂದು ಅಂಗಡಿಯಲ್ಲಿ ತೋರಿಸಿದೆ. ಅವನು ಮೊದಲಿನವನನ್ನು ಬೈದು ತನ್ನದೊಂದು ಡ್ರೈವರ್ ಹಾಕಿದ, ತನ್ನದೊಂದು ಸಾಫ್ಟ್‌ವೇರ್ ಕೂರಿಸಿದ. ಶಿಡ್ಲಘಟ್ಟದ ಬಸ್ ನಿಲ್ದಾಣದ ಬಳಿಯ ಇನ್ನೊಬ್ಬ ಇಬ್ಬರನ್ನೂ ಬೈದು ಮೂರನೆಯದನ್ನು ಹಾಕಿದ. ಯಾರ ಅಂಗಡಿಯಲ್ಲಿ ನೋಡಿದರೂ ವೈಫೈ ಓಡುತ್ತಿತ್ತು. ಅಣ್ಣನ ಮನೆಯ ಮಂಚದ ಪಕ್ಕ ತಂದಿಟ್ಟರೆ ಅರ್ಧ ಪಾಠಕ್ಕೆ ಕಲ್ಲು.

ಮೇಡಂ ಒಳ್ಳೆಯ ಹುಡುಗಿ. ಆದರೂ ಒಂದು ದಿನ ಫೋನು ಮಾಡಿ ಹೇಳಿದಳು: “ಆಂಟಿ, ತಪ್ಪು ತಿಳ್ಕೋಬೇಡಿ. ಅಂಕಲ್‌ಗೆ ಈಗಿನ ತಿಂಗಳುಗಳು ತುಂಬ ಮುಖ್ಯ. ಅರ್ಧಂಬರ್ಧ ಸೆಷನ್ ಆದ್ರೆ ಅವರಿಗೂ ಉಪಯೋಗ ಇಲ್ಲ. ಇಲ್ಲಿ ಇನ್ನೂ ಪೇಷಂಟ್ಸ್ ಕಾಯ್ತಿದಾರೆ. ಇನ್ನೆರಡು ಸೆಷನ್ ನೋಡ್ತೀನಿ. ಒಂದು ಶಬ್ದ ಆದ್ರೂ ನನಗೆ ಕೇಳಿಸಿದ್ರೆ ಮುಂದುವರಿಸೋಕೆ ನಮ್ಮ ಸೀನಿಯರ್ ಹತ್ರ ಮಾತಾಡ್ಬಹುದು.”

ನಾನು ಅಲ್ಲೂ ಚೌಕಾಸಿಗೆ ನಿಂತೆ. “ಎರಡು ಅಂದ್ರೆ ಹೆಂಗಮ್ಮ? ನಾಲ್ಕು ಮಾಡು.”

“ಆಂಟಿ, ಇದು ನನ್ನ ಕೈಲಿಲ್ಲ.”

ಆ ಎರಡರಲ್ಲಿ ಮೊದಲನೆಯದು ಸೋಮವಾರ. ಅಣ್ಣ ಮಂಡಿಯವನೆಂದು ನಾನು ಹೇಳಿದ್ದರಿಂದ ಮೇಡಂ ಟೊಮೆಟೊ ಚಿತ್ರದ ಕಾರ್ಡು ಹುಡುಕಿ ತಂದಿದ್ದಳು. ಅದನ್ನು ಎತ್ತಿ ಹಿಡಿದಳು, ಬಾಯಿ ತೆರೆಯುವ ಮೊದಲೇ ಪರದೆ ನಿಂತಿತು. ಟೊಮೆಟೊ ಹಿಡಿದ ಮೇಡಂ, ನಗುವಿಲ್ಲದ ಮುಖ, ಅಲುಗದ ಕಣ್ಣು. ನಾನು ಬೈದುಕೊಂಡು ಚಾರ್ಜರ್ ಕೀಳಲು ಬಗ್ಗಿದೆ.

ತಲೆಯ ಮೇಲೆ ಒಂದು ದನಿ. “ನೂಟ ಇರವೈ.”

ನೂರ ಇಪ್ಪತ್ತು. ತೆಲುಗಿನಲ್ಲಿ. ದನಿ ಒಡೆದಿತ್ತು, ಕಿರಿದಾಗಿತ್ತು, ಆದರೆ ಅದು ನನ್ನಣ್ಣನ ದನಿಯೇ.

ನಾನು ಬಗ್ಗಿದವಳು ಹಾಗೇ ಇದ್ದೆ. ಅವನು ಪರದೆಯನ್ನೇ ನೋಡುತ್ತಿದ್ದ. “ನೂಟ ಇರವೈ... ನೂಟ ಇರವೈ...” ಸ್ವಲ್ಪ ತಡೆದು ಮತ್ತೆ ಅದೇ. ಎದುರಿಗಿರುವವರಿಂದ ಏನೋ ಬರಬೇಕು ಎನ್ನುವಂತೆ ಗದ್ದ ಎತ್ತಿದ್ದ.

“ಅತ್ತಿಗೇ! ಬನ್ನಿ ಇಲ್ಲಿ!” ಎಂದು ಕಿರುಚಿದೆ. ಅತ್ತಿಗೆ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲಿ ಬರುವಷ್ಟರಲ್ಲಿ ಅವನು ಬೆಚ್ಚಿ ಬಾಯಿ ಮುಚ್ಚಿದ್ದ. ಫೋನು ಎತ್ತಿ ರೆಕಾರ್ಡು ಮಾಡಲು ಹಿಡಿದೆ. ಫೋನು ಕಂಡದ್ದೇ ಮುಖ ತಿರುಗಿಸಿದ.

“ಏನಾಯ್ತಮ್ಮಾ? ಬಿದ್ರಾ?”

“ಮಾತಾಡ್ದ ಅತ್ತಿಗೆ. ಹರಾಜು ಕೂಗ್ದ.”

ಅತ್ತಿಗೆ ಅವನ ಮುಖ ನೋಡಿದರು, ನನ್ನ ಮುಖ ನೋಡಿದರು. “ನಿನ್ನ ಬಾಯಿಗೆ ಸಕ್ಕರೆ ಹಾಕ್ತೀನಿ, ಸುಳ್ಳು ಮಾತ್ರ ಹೇಳ್ಬೇಡಮ್ಮ. ನನ್ ಕೈಲಿ ತಡಿಯಕ್ಕಾಗಲ್ಲ,” ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡು ಒಳಗೆ ಹೋದರು.

ಮೇಡಂಗೆ ಫೋನಿನಲ್ಲಿ ಹೇಳಿದೆ. ಅವಳು, “ಆಂಟಿ, ಮನೆಯವರಿಗೆ ಎಷ್ಟೋ ಸಲ ಹಾಗೆ ಕೇಳ್ಸುತ್ತೆ. ಗುರುವಾರ ನನಗೆ ಕೇಳ್ಸೋ ಹಾಗೆ ಮಾಡಿ,” ಎಂದಳು. ಅವಳನ್ನು ದೂರಿ ಏನು ಪ್ರಯೋಜನ? ಕಣ್ಣಲ್ಲಿ ನೋಡದ ಮಾಲಿಗೆ ನಾನೂ ಬೆಲೆ ಕಟ್ಟುವುದಿಲ್ಲ.

ನನ್ನ ಮುಂದೆ ಈಗ ಇದ್ದದ್ದು ಒಂದು ಗುರುವಾರ, ಮೂರು ಅಂಗಡಿಯ ರಿಪೇರಿ ಹೊತ್ತ ಒಂದು ಲ್ಯಾಪ್‌ಟಾಪ್. ಚಿಕ್ಕಬಳ್ಳಾಪುರದಲ್ಲಿ ಅದನ್ನು ಮಾರಿದವನಿಗೆ ಫೋನು ಹಾಕಿದೆ. ಬ್ಯಾಗು ಪುಕ್ಕಟೆ ಕಿತ್ತುಕೊಂಡವಳ ದನಿ ಅವನಿಗೆ ಮರೆತಿರಲಿಲ್ಲ.

“ಹೇಳಕ್ಕ. ಈಗ ಇನ್ನೇನು ಪುಕ್ಕಟೆ ಬೇಕು?”

ಹೇಳಿದೆ. ಅವನು ಕೇಳಿ, “ಅಕ್ಕ, ನಿಜ ಹೇಳ್ಬಿಡು, ಎಷ್ಟು ಜನಕ್ಕೆ ತೋರಿಸ್ದೆ?” ಎಂದ.

“ಮೂರು.”

“ಮೂರು ಜನಾನೂ ಆಟೋಮ್ಯಾಟಿಕ್ ಅಂತ ಏನಾದ್ರೂ ಹಾಕಿದಾರಾ?”

“ಹಾಕವ್ರೆ. ಒಂದು ಕೈ ಕೊಟ್ರೆ ಇನ್ನೊಂದು ಇರ್ಲಿ ಅಂತ.”

“ಅಯ್ಯೋ ನಿನ್ನ! ಒಂದು ಹಾಕಿದ್ದನ್ನ ಇನ್ನೊಂದು ಕಿತ್ತಾಕ್ತಾ ಕೂತಿದೆ ಕಣಕ್ಕ. ಇದೇನ್ ಹುಣಸೆಹಣ್ಣಾ, ಮೂರು ಮಂಡಿಗೆ ಹಂಚಕ್ಕೆ? ಕಾರ್ಡಿಗೆ ಒಂದೇ ಡ್ರೈವರ್. ಅದೂ ಆ ಕಂಪನಿದೇ ಆಗಿರ್ಬೇಕು.”

ತಂದುಬಿಡು ಎಂದ. ಬಸ್ಸಿನಲ್ಲಿ ಹೊತ್ತು ಅಲೆದದ್ದು ಸಾಕಾಗಿತ್ತು. ಅಂಗಡಿಯಲ್ಲಿ ಓಡಿ ಮನೆಯಲ್ಲಿ ನಿಂತರೆ ಮತ್ತೆ ಅದೇ ಕತೆ. “ನೀನು ಬಾಯಲ್ಲಿ ಹೇಳು, ನಾನು ಇಲ್ಲೇ ಕೈಯಲ್ಲಿ ಮಾಡ್ತೀನಿ,” ಎಂದೆ. “ಆಗಲ್ಲಕ್ಕ ನಿನ್ ಕೈಲಿ,” ಎಂದ. “ಆಗ್ಲಿಲ್ಲ ಅಂದ್ರೆ ಬೈಯುವಂತೆ, ಮೊದ್ಲು ಹೇಳು,” ಎಂದೆ. ಒಪ್ಪಿಕೊಂಡ.

ಬುಧವಾರ ಬೆಳಿಗ್ಗೆ ಕೂತೆವು. ಅತ್ತಿಗೆಯ ಫೋನಿನಲ್ಲಿ ಅವನ ದನಿ, ನನ್ನ ಫೋನನ್ನು ಚಾರ್ಜಿಂಗ್ ತಂತಿಯಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಅದರ ನೆಟ್ಟು. ವೈಫೈ ಸತ್ತಾಗ ಈ ಉಪಾಯ ನೆನಪಿಡಿ, ಬಹಳ ಜನಕ್ಕೆ ತಿಳಿದಿಲ್ಲ. ಅಣ್ಣ ಮಂಚದ ಮೇಲೆ ಕೂತು, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ನನ್ನ ಬೆರಳು ಎಲ್ಲಿ ಹೋಗುತ್ತದೆಂದು ನೋಡುತ್ತಿದ್ದ.

ಮೊದಲು ಆ ಮೂರು ಸಾಫ್ಟ್‌ವೇರುಗಳನ್ನು ಒಂದೊಂದಾಗಿ ತೆಗೆಸಿದ. ಎರಡನೆಯದು ಹೋಗಲಾರೆನೆಂದು ಕೂತಿತು. ‘ನಿಜವಾಗಿಯೂ ತೆಗೆಯಬೇಕೇ’ ಎಂದು ಕೇಳಿತು, ‘ಹೋಗಬೇಡಿ, ರಿಯಾಯಿತಿ ಕೊಡುತ್ತೇವೆ’ ಎಂದಿತು. ನನ್ನ ವಯಸ್ಸಿನಲ್ಲಿ ಮೊದಲ ಸಲ ರಿಯಾಯಿತಿಯೊಂದನ್ನು ಬೇಡವೆಂದೆ. ಆಮೇಲೆ ಡಿವೈಸ್ ಮ್ಯಾನೇಜರ್ ಎಂಬ ಪಟ್ಟಿಯಲ್ಲಿ ಹಳದಿ ತ್ರಿಕೋನದ ಸಾಲಿಗೆ ಹೋಗಿ ಡ್ರೈವರನ್ನು ಕಿತ್ತುಹಾಕುವುದು. ‘ಸಾಫ್ಟ್‌ವೇರನ್ನೂ ಅಳಿಸು’ ಎಂಬ ಚೌಕಕ್ಕೆ ಟಿಕ್ ಹಾಕದೆ ಮುಂದೆ ಒತ್ತಿದೆ.

“ಟಿಕ್ ಹಾಕಿದ್ಯಾ ಅಕ್ಕ?”

“ಹಾಕ್ಬೇಕಿತ್ತಾ?”

“ದೇವ್ರೇ! ಹಳೇದು ಒಳಗೇ ಉಳ್ಕೊಳ್ತು. ಮತ್ತೆ ಬರುತ್ತೆ, ಮತ್ತೆ ಕಿತ್ತಾಕು.”

ಮತ್ತೆ ಬಂತು, ಮತ್ತೆ ಕಿತ್ತೆ. ಅದರ ಹಿಂದೆ ಇನ್ನೊಂದು ಹಳೆಯದು ಎದ್ದು ಬಂತು. ಅದನ್ನೂ ಕಿತ್ತೆ. ಕರೆಂಟು ಹೋಯಿತು, ಬ್ಯಾಟರಿ ಇಳಿಯತೊಡಗಿತು, ನನ್ನ ಬೆನ್ನು ಒದ್ದೆಯಾಯಿತು. ಲ್ಯಾಪ್‌ಟಾಪ್ ತಿರುಗಿಸಿ ತಳದಲ್ಲಿ ಇರುವೆಯಂಥ ಅಕ್ಷರದಲ್ಲಿದ್ದ ಮಾಡೆಲ್ ನಂಬರನ್ನು ಓದಿ ಹೇಳಿದೆ. ಆ ನಂಬರಿಗೆ ಕಂಪನಿಯವರದೇ ಪುಟದಲ್ಲಿದ್ದ ಒಂದು ಡ್ರೈವರನ್ನು ಇಳಿಸಿ, ಅದೊಂದನ್ನೇ ಹಾಕಿದೆ. ಕೊನೆಗೆ ಇನ್ನೊಂದು ಚೌಕ: ವಿದ್ಯುತ್ ಉಳಿಸಲು ಈ ಕಾರ್ಡನ್ನು ಆಫ್ ಮಾಡಲು ಕಂಪ್ಯೂಟರಿಗೆ ಅನುಮತಿ. ಅಲ್ಲಿದ್ದ ಟಿಕ್ಕನ್ನು ತೆಗೆಸಿದ.

“ಇದೇ ನಿನ್ನ ಕಳ್ಳ ಅಕ್ಕ. ಅಂಗಡಿಲಿ ಚಾರ್ಜರ್ ಹಾಕೇ ನೋಡ್ತಾರೆ, ಅದಕ್ಕೆ ಅಲ್ಲಿ ಓಡ್ತಿತ್ತು. ನಿಮ್ಮನೇಲಿ ಕರೆಂಟು ನೆಟ್ಟಗಿರಲ್ಲ. ಬ್ಯಾಟರಿ ಮೇಲೆ ಓಡುವಾಗ ಅದೇ ವೈಫೈನ ಮಲಗಿಸ್ತಾ ಇತ್ತು. ಎಬ್ಬಿಸಬೇಕು ಅಂದ್ರೆ ಡ್ರೈವರ್ ಗಲಾಟೆ, ಏಳ್ತಿರ್ಲಿಲ್ಲ.”

ಮೂಲೆಯಲ್ಲಿ ಗುರುತು ಬಂತು. ಚಾರ್ಜರ್ ಇಲ್ಲದೆ ಬಹಳ ಹೊತ್ತು ಏನೋ ಒಂದು ವಿಡಿಯೊ ಓಡಿಸಿ ನೋಡಿದೆ, ನಿಲ್ಲಲಿಲ್ಲ. ನನಗೆ ಸಮಾಧಾನವಾಗಲಿಲ್ಲ. ಯಂತ್ರ ಸರಿಹೋಗಿದ್ದಕ್ಕೆ ಅಣ್ಣ ಮಾತಾಡುತ್ತಾನೆಂದು ಯಾರು ಹೇಳಿದರು?

ಗುರುವಾರ ಮೇಡಂ ಸ್ಪಷ್ಟವಾಗಿ ಬಂದಳು. ಅವಳ ಹಿಂದಿನ ಗೋಡೆಯ ಮೊಳೆ ಕೂಡ ಕಾಣುತ್ತಿತ್ತು. “ಗುಡ್ ಮಾರ್ನಿಂಗ್ ಅಂಕಲ್! ಇದೇನು ಹೇಳಿ? ಟೊ... ಟೊ...” ಅವಳು ನಕ್ಕಳು, ತಲೆಯಾಡಿಸಿದಳು, ತುಟಿ ದುಂಡಗೆ ಮಾಡಿ ತೋರಿಸಿದಳು. ಅಣ್ಣ ಬೆವರಿದ. ಲೋಟ ಬಂತು, ಹಸು ಬಂತು, ಬೀಗದ ಕೈ ಬಂತು. ಅವನ ಕಣ್ಣು ತಗ್ಗುತ್ತಾ ಮಡಿಲಿಗೆ ಬಂದು ನಿಂತಿತು. ಬಾಗಿಲಲ್ಲಿ ಅತ್ತಿಗೆ ಕಂಬದಂತೆ ನಿಂತಿದ್ದರು. ಪರದೆ ಒಂದು ಸಲವೂ ನಿಲ್ಲಲಿಲ್ಲ. ಒಮ್ಮೆ ನಿಂತರೂ ನಿಲ್ಲಲಿ ಎಂದು ನಾನೇ ಹರಸಿಕೊಳ್ಳುವ ಹಾಗಾಯಿತು.

“ಆಂಟಿ...” ಎಂದಳು ಮೇಡಂ, ಮುಂದೆ ಬರುವ ಮಾತು ಅವಳ ದನಿಯಲ್ಲೇ ಇತ್ತು.

ಆಗ ನನಗೆ ಹೊಳೆಯಿತು. ಸೋಮವಾರ ಅವನ ಮುಂದೆ ಇದ್ದದ್ದು ಮೇಷ್ಟ್ರ ಮುಖವಲ್ಲ. ನಗದ, ಅಲುಗದ, ಬೆಲೆ ಬಿಟ್ಟುಕೊಡದ ಖರೀದಿದಾರನ ಮುಖ. ಮಂಡಿಯಲ್ಲಿ ಅವನು ಆಯುಷ್ಯವೆಲ್ಲ ಕೂಗಿದ್ದು ಅಂಥ ಮುಖಗಳಿಗೆ. ನಕ್ಕು ಪುಸಲಾಯಿಸುವವರಿಗೆ ಅವನ ಬಾಯಿ ಎಂದು ತೆರೆದಿತ್ತು?

“ಮೇಡಂ, ನನ್ನದೊಂದು ಮಾತು ನಡೆಸ್ಕೊಡಿ. ಟೊಮೆಟೊ ಕಾರ್ಡ್ ಹಿಡ್ಕೊಂಡು ಕಲ್ಲಿನ ಥರ ಕೂತ್ಕೊಳ್ಳಿ. ನಗ್ಬೇಡಿ, ಮಾತಾಡ್ಬೇಡಿ, ಕಣ್ಣೂ ಮಿಟುಕಿಸ್ಬೇಡಿ. ನೆಟ್ಟು ಹೋದಾಗ ಹೆಂಗಿರ್ತಿದ್ರೋ ಹಂಗೆ.”

ಮೇಡಂ ಕಾರ್ಡು ಎತ್ತಿ ಹಿಡಿದು ಕಲ್ಲಾದಳು.

ಅಣ್ಣ ತಲೆಯೆತ್ತಿದ. ನೋಡಿದ. ಏನೂ ಇಲ್ಲ. ಬೀದಿಯಲ್ಲಿ ಆಟೊ ಹೋಯಿತು, ಅತ್ತಿಗೆಯ ಬಳೆ ಸದ್ದಾಯಿತು. ನಾನು ಅವನ ಹೆಗಲಿನ ಟವೆಲನ್ನು ಜಗ್ಗಿ ಅವನ ಎಡಗೈ ಮೇಲೆ ಹರಡಿದೆ. ಕೆಳಗೆ ನನ್ನ ಕೈ ತೂರಿಸಿ ಮುಷ್ಟಿ ಹಿಡಿದೆ. ನೂರು. ಒಂದು ಬೆರಳು ಅಮುಕಿದೆ.

ಅವನ ಗದ್ದ ಮೇಲೆದ್ದಿತು. “ನೂಟ ಪದಿ.”

ಪರದೆಯಲ್ಲಿ ಮೇಡಂ ಮುಖ ಅಲುಗಲಿಲ್ಲ. ಒಳ್ಳೆಯ ಹುಡುಗಿ.

“ನೂಟ ಪದಿ... ನೂಟ ಪದಿ...” ಎರಡು ಬೆರಳು ಅಮುಕಿದೆ. “ನೂಟ ಇರವೈ!” ಮೂರು. “ನೂಟ ಮುಪ್ಪೈ!” ಸದ್ದು ಕೋಣೆ ತುಂಬಿತು. ಅತ್ತಿಗೆ ಬಾಗಿಲು ಬಿಟ್ಟು ಮಂಚದ ಬಳಿಗೆ ಬಂದರು. ಮೇಡಂ ಕಣ್ಣಿಂದ ನೀರು ಇಳಿಯುತ್ತಿತ್ತು, ಅವಳು ಮಾತ್ರ ಖರೀದಿದಾರನ ಹಾಗೇ ಇದ್ದಳು.

ಅವನ ಕೈ ನನ್ನ ಕೈಯನ್ನು ಬಿಗಿಯಾಗಿ ಹಿಡಿಯಿತು. “ಒಕಟಿ. ರೆಂಡು. ಮೂಡು.” ಬಲಗೈ ಏಳದ್ದರಿಂದ ಎಡ ಅಂಗೈಯನ್ನು ತೊಡೆಗೆ ಹೊಡೆದ. ಮಾಲು ಬಿಟ್ಟಾಯಿತು. ಇನ್ನು ಯಾರಿಗೆ ಎಂದು ಹೇಳಬೇಕು, ಆಗ ಜಗುಲಿಯಲ್ಲಿ ಹೇಳುತ್ತಿದ್ದ ಹಾಗೆ.

ಅವನು ನನ್ನ ಕಡೆ ತಿರುಗಿದ. ಬಾಯಿ ತೆರೆದ. ತುಟಿಗಳು ಕೂಡಿದವು, ಬಿಟ್ಟವು, ಮತ್ತೆ ಕೂಡಿದವು. ಕತ್ತಿನ ನರ ಉಬ್ಬಿತು. ನಾನು ಕಾದೆ. ಬರಲಿಲ್ಲ. ಅವನು ನನ್ನ ಮುಖವನ್ನು ಅಂಗೈಯಲ್ಲಿ ಸವರಿ, ತಲೆ ತಗ್ಗಿಸಿ, ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ಬಹಳ ಹೊತ್ತಿನ ಮೇಲೆ ಮೇಡಂ ಕಾರ್ಡು ಕೆಳಗಿಟ್ಟಳು. “ಕೇಳಿಸ್ತು ಆಂಟಿ. ಸೀನಿಯರ್‌ಗೆ ಹೇಳ್ತೀನಿ. ಸೋಮವಾರ ಇದೇ ಟೈಮಿಗೆ ಕೂತ್ಕೊಳ್ಳೋಣ.”

ಈಗಲೂ ಮೊದಲ ಬಸ್ಸಿಗೆ ಹೋಗುತ್ತೇನೆ. ಕೂರುವ ಮೊದಲು ಆ ಚೌಕದಲ್ಲಿ ಟಿಕ್ ಮತ್ತೆ ಬಂದಿದೆಯೇ ನೋಡುತ್ತೇನೆ. ಅಪ್‌ಡೇಟ್ ಆದಾಗ ತಾನೇ ಬಂದು ಕೂರುವುದುಂಟು, ನೀವೂ ನೋಡುತ್ತಿರಿ. ಅಣ್ಣನಿಗೆ ಲೆಕ್ಕವೆಲ್ಲ ಬಂದಿದೆ. ನೀರು ಬೇಕಾದರೂ ಲೆಕ್ಕವನ್ನೇ ಕೂಗುತ್ತಾನೆ, ಅತ್ತಿಗೆ ಲೋಟ ತಂದುಕೊಡುತ್ತಾರೆ. ಪಾಠದ ಕೊನೆಗೆ ಪ್ರತಿ ಸಲವೂ ಅಂಗೈ ತೊಡೆಗೆ ಹೊಡೆದು ನನ್ನ ಕಡೆ ತಿರುಗುತ್ತಾನೆ. ನಾನು ಖರೀದಿದಾರಳ ಮುಖ ಮಾಡಿಕೊಂಡು, ನಗದೆ, ಅಲುಗದೆ, ಆ ತುಟಿಗಳನ್ನೇ ನೋಡುತ್ತಾ ಕೂತಿರುತ್ತೇನೆ.